ಊಟ ಆದ ಮೇಲೆ

ರಮಾಬಾಯಿಗೆ ಕ್ಷಯವಂತೆ ಎಂಬ ಸುದ್ದಿ ಸ್ಟೋರಿನಲ್ಲಿ ಹರಡಲು ಒಂದು ಬೆಳಿಗ್ಗೆ ಸಾಕಾಯಿತು. ಒಂದೇ ಅಂಗಳದ ಸುತ್ತ ಆರು ಸಂಸಾರಗಳು ಬಾಡಿಗೆಗೆ ಇರುವಂಥ ಮನೆಗೆ ಪೆರಂಬೂರಿನಲ್ಲಿ ಸ್ಟೋರು ಅನ್ನುತ್ತಿದ್ದರು. ಆರು ಮನೆಗೂ ಕೊಳಾಯಿ ಒಂದೇ, ನೀರು ಬರುವುದು ಬೆಳಿಗ್ಗೆ ಐದರಿಂದ ಏಳರವರೆಗೆ. ಗುಟ್ಟು ಇಟ್ಟುಕೊಳ್ಳಬೇಕು ಅನ್ನುವವರು ಬೇರೆ ಜಾಗ ನೋಡಿಕೊಳ್ಳಬೇಕು.

ಮರುದಿನ ರಮಾಬಾಯಿ ಒದ್ದೆ ಸೀರೆಯಲ್ಲಿ ಮಡಿನೀರಿಗೆ ಹೋದಾಗ ಎದುರುಮನೆಯ ಪಂಕಜಂ ತನ್ನ ಕೊಡವನ್ನು ಪಕ್ಕಕ್ಕೆ ಎಳೆದುಕೊಂಡು, "ಮಾಮಿ, ತಳ್ಳಿ ನಿಲ್ಲುಂಗೊ" ಅಂದಳು. ದೂರ ನಿಲ್ಲಿ ಅಂತ.

ಇಪ್ಪತ್ತನಾಲ್ಕು ವರ್ಷ ಅದೇ ಕೊಳಾಯಿಯ ಮುಂದೆ ಅದೇ ಮಾತನ್ನು ಆಡಿದವಳು ರಮಾಬಾಯಿ. ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟ ದಿನದಿಂದ ಮಡಿಯ ಹೆಸರಿನಲ್ಲಿ ಸ್ಟೋರಿನ ಸಕಲರನ್ನೂ ಎರಡು ಮಾರು ದೂರದಲ್ಲಿಯೇ ನಿಲ್ಲಿಸಿದ್ದಳು. ಈಗ ಅದೇ ಮಾತು ತನ್ನ ಕಡೆಗೇ ತಿರುಗಿ ಬಂತು. ಖಾಲಿ ಕೊಡ ಹಿಡಿದುಕೊಂಡು ಒಳಗೆ ಬಂದಳು.

"ಎಲ್ಲಿ ಅತ್ತೆ ನೀರು?" ಸೊಸೆ ವಿನೋದಾ ಕೇಳಿದಳು.

"ನನ್ನ ಮಾತನ್ನ ನನಗೇ ಹೇಳ್ತಾಳೆ ಆ ಪಂಕಜಂ."

"ನೀವು ಹೇಳಿದಾಗ ಅವಳಿಗೂ ಹೀಗೇ ಆಗಿರಬೇಕು."

"ನಿನ್ನನ್ನ ಯಾರೂ ಕೇಳಲಿಲ್ಲ."

ಹಾಗೆ ಅನ್ನಿಸಿಕೊಂಡರೂ ವಿನೋದಾ ಕೊಡ ಕಿತ್ತುಕೊಂಡು ಹೊರಗೆ ಹೋದಳು. ಬಾಯಿ ಎಷ್ಟು ಜೋರೋ ಕೈಯೂ ಅಷ್ಟೇ ಜೋರು ಅವಳದು. ಕೊಳಾಯಿಯ ಕೆಳಗೆ ಕೊಡ ಇಟ್ಟು, "ಇದು ನಮ್ಮತ್ತೆಯ ಕೊಡ. ಹಿಡಿಯೋಳು ನಾನು. ಯಾರಿಗಾದ್ರೂ ತೊಂದರೆ ಇದ್ರೆ ಈಗಲೇ ಹೇಳಿಬಿಡಿ" ಅಂದಳು. ಯಾರೂ ಹೇಳಲಿಲ್ಲ. ಅಂದಿನಿಂದ ನಾಲ್ಕೂವರೆಗೆ ಎದ್ದು ತಣ್ಣೀರು ಹುಯ್ದುಕೊಂಡು ಮಡಿನೀರು ಹಿಡಿಯುವ ಕೆಲಸವೂ ಅವಳ ಪಾಲಿಗೆ ಬಿತ್ತು. ದಿನಾ ಬೈದುಕೊಂಡೇ ಹಿಡಿಯುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ.

ರಮಾಬಾಯಿಗೆ ನವರಾತ್ರಿಯಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ದೀಪಾವಳಿ ಕಳೆದ ಮೇಲೆ ಮಗ ತಿರುಮಲ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ತಿರುಮಲ ರೈಲ್ವೆ ವರ್ಕ್‌ಶಾಪಿನ ಟೈಮ್ ಆಫೀಸಿನಲ್ಲಿ ಗುಮಾಸ್ತ. ತಡವಾಗಿ ಬಂದವರ ಹೆಸರಿಗೆ ಗುರುತು ಹಾಕುವುದು ಅವನ ಉದ್ಯೋಗ, ಮನೆಯ ಮಟ್ಟಿಗೆ ಮಾತ್ರ ಎಲ್ಲದಕ್ಕೂ ತಾನೇ ತಡ. ಕ್ಲಿನಿಕ್ಕಿನಲ್ಲಿ ಎದೆಯ ಫೋಟೋ ತೆಗೆದು, ಕಫ ನೋಡಿ, ಡಾಕ್ಟರು ಹೇಳಿದ್ದಿಷ್ಟು: ಆಸ್ಪತ್ರೆ ಸೇರಬೇಕಾಗಿಲ್ಲ, ಈಗ ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡರೆ ಗುಣವಾಗುತ್ತದೆ. ಒಂದು ವರ್ಷ ಔಷಧಿ ಧರ್ಮಕ್ಕೆ. ತಿಂಗಳಿಗೊಮ್ಮೆ ಕಫ ಕೊಡಬೇಕು. ನರ್ಸಮ್ಮ ಯಾವಾಗ ಬೇಕಾದರೂ ಹೇಳದೆ ಕೇಳದೆ ಮನೆಗೆ ಬರುತ್ತಾಳೆ. ಮನೆಯಲ್ಲಿ ಗುಣ ಕಾಣದಿದ್ದರೆ ಮಾತ್ರ ಊರಾಚೆಯ ಸ್ಯಾನಟೋರಿಯಂ.

"ಮನೇಲೇ ಅಂದ್ರಲ್ಲ, ಸಾಕು," ಅಂದಿದ್ದಳು ರಮಾಬಾಯಿ. "ಆ ಸ್ಯಾನಟೋರಿಯಂನಲ್ಲಿ ಯಾರು ಬೇಯಿಸ್ತಾರೋ, ಯಾರು ಬಡಿಸ್ತಾರೋ. ಆ ಅನ್ನ ನನ್ನ ಗಂಟಲಲ್ಲಿ ಇಳಿಯೋಲ್ಲ. ಕಳಿಸಿದ್ರೆ ನನ್ನ ಹೆಣ ತರೋಕೆ ಬಂಡಿ ಹೇಳಿಟ್ಟೇ ಕಳಿಸು."

ಸ್ಟೋರಿನ ಮಾಲೀಕ ಲೋಕನಾಥ ಮುದಲಿಯಾರ್ ಕೆಟ್ಟವರೇನಲ್ಲ, ಆದರೆ ಐದು ಮನೆಯವರ ಬಾಯಿಗೆ ಹೆದರುವವರು. ಅವರೂ ಒಂದು ಗಡುವು ಕೊಟ್ಟರು. "ಮೂರು ತಿಂಗಳು ನೋಡ್ತೀನಿ, ತಿರುಮಲ ಸಾರ್. ಅಷ್ಟರಲ್ಲಿ ಕಫ ಶುದ್ಧ ಆಗಿರಬೇಕು. ಇಲ್ಲವಾದರೆ ಅಮ್ಮ ಇಲ್ಲಿರೋ ಹಾಗಿಲ್ಲ."

ಔಷಧಿಯೆಂದರೆ ಎಂಟಾಣೆಯಷ್ಟು ಅಗಲದ ದಪ್ಪ ಬಿಳಿ ಬಿಲ್ಲೆಗಳು. ದಿನಕ್ಕೆ ನಾಲ್ಕು. ಮಧ್ಯಾಹ್ನ ಊಟ ಆದ ಮೇಲೆ ಎರಡು, ರಾತ್ರಿ ಊಟ ಆದ ಮೇಲೆ ಎರಡು. ರಮಾಬಾಯಿ ಅವನ್ನು ಓವಲ್ಟೀನ್ ಡಬ್ಬಿಗೆ ಹಾಕಿ ಅಡಿಗೆಮನೆಯ ತನ್ನ ಮಡಿ ಮೂಲೆಯಲ್ಲಿ ಇಟ್ಟುಕೊಂಡಳು. ರೋಗಿಗೆ ಬೇರೆ ಪಾತ್ರೆ ಇಡಿ, ಬೇರೆ ಮಲಗಿಸಿ ಎಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಪಾತ್ರೆ, ಚಾಪೆ, ಒಲೆ, ನೀರು, ಎಲ್ಲವೂ ಇಪ್ಪತ್ತನಾಲ್ಕು ವರ್ಷದಿಂದ ಬೇರೆಯೇ.

ಮಾಘ ಬಂತು. ಮೂರನೆಯ ತಿಂಗಳ ರಿಪೋರ್ಟು ತಂದ ತಿರುಮಲ ಅದನ್ನು ಎಲೆಯ ಪಕ್ಕದಲ್ಲಿಟ್ಟುಕೊಂಡೇ ಊಟಕ್ಕೆ ಕೂತ.

"ಏನಂತೆ?" ವಿನೋದಾ ಕೇಳಿದಳು.

"ಕಫದಲ್ಲಿ ಇನ್ನೂ ಇದೆಯಂತೆ. ಬೇರೆಯವರಿಗೆಲ್ಲ ಇಷ್ಟು ಹೊತ್ತಿಗೆ ಕಡಿಮೆ ಆಗಿದೆ, ಇವರಿಗೆ ಯಾಕೆ ಆಗಿಲ್ಲ ಅಂತ ಡಾಕ್ಟರ್ ಕೇಳ್ತಾರೆ. ನಾನೇನು ಹೇಳಲಿ? ಅಮ್ಮ ಬಿಲ್ಲೆ ನುಂಗ್ತಾಳೋ ಇಲ್ವೋ ನೋಡ್ಕೊಳೋಕೆ ನಿನಗೆ ಆಗಲಿಲ್ವಾ?"

"ಅವರ ಮೂಲೆಗೆ ನಾನು ಕೈ ಹಾಕಿದ್ರೆ ಡಬ್ಬಿ ಜೊತೆಗೆ ನನ್ನನ್ನೂ ತೊಳೆದು ಒಣಗಿಸ್ತಾರೆ."

"ಕೇಳೋಕೇನು ಕಷ್ಟ? ಮನಸ್ಸಿಲ್ಲ ಅಷ್ಟೆ. ಅಮ್ಮ ಹೋದ್ರೆ ನಿನಗೆ ಹಗುರ."

ವಿನೋದಾ ಹುಳಿಯ ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟಳು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಾಯಿಗೆ ಬಂತು. "ನಾಲ್ಕೂವರೆಗೆ ಎದ್ದು ನಡುಗ್ತಾ ನೀರು ಹೊತ್ತು ತರೋಳು ನಾನು. ಆ ಹೊತ್ತಿನಲ್ಲಿ ನಿಮ್ಮ ಗೊರಕೆ ಕೊಳಾಯಿವರೆಗೆ ಕೇಳತ್ತೆ. ಹಗುರ ಬೇಕಾಗಿದ್ರೆ ನನಗೆ ತವರುಮನೆ ಇದೆ. ಬಡಿಸ್ಕೊಂಡು ತಿನ್ನಿ."

ತಿರುಮಲ ಆ ದಿನ ಬರಿ ಅನ್ನಕ್ಕೆ ಮಜ್ಜಿಗೆ ಹುಯ್ದುಕೊಂಡು ಎದ್ದ. ನಾಲ್ಕು ದಿನ ಗಂಡ ಹೆಂಡತಿ ಮಾತಾಡಲಿಲ್ಲ. ಒಂಬತ್ತು ವರ್ಷದ ಮಗಳು ಕಲಾವತಿಯೇ ಅತ್ತಿತ್ತ ಸುದ್ದಿ ಮುಟ್ಟಿಸುವವಳು. ತಮಿಳು ಸ್ಕೂಲಿನ ಹುಡುಗಿ, ಕನ್ನಡದಲ್ಲಿ ಹೇಳಿದ್ದನ್ನು ತಮಿಳಿನಲ್ಲಿ ತಲುಪಿಸುತ್ತಿದ್ದಳು. ಬೈಗಳು ಅರ್ಧ ದಾರಿಯಲ್ಲೇ ಮೆತ್ತಗಾಗುತ್ತಿದ್ದವು.

ಐದನೆಯ ದಿನ ಮಧ್ಯಾಹ್ನ ಅವಳೇ ಓಡಿ ಬಂದು, "ಪಾಟಿ, ಸಿಸ್ಟರ್ ವಂದಾಚ್ಚು" ಅಂದಳು. ಅಜ್ಜಿ, ಸಿಸ್ಟರ್ ಬಂದರು ಅಂತ.

ಕ್ಲಿನಿಕ್ಕಿನ ನರ್ಸು ಸುಗಿರ್ದಂ ಸಿಸ್ಟರ್ ಕೊಡೆ ಮಡಿಸಿ ಹೊಸ್ತಿಲಲ್ಲಿ ನಿಂತಳು. ಬಿಳಿ ಸೀರೆ, ಕಪ್ಪು ಚೀಲ, ಬಿಸಿಲಿನಲ್ಲಿ ನಡೆದೇ ಬಂದಿದ್ದ ಮುಖ. ಒಳಗೆ ಬರಕೂಡದೆಂದು ಅವಳಿಗೆ ಗೊತ್ತಿತ್ತು, ಮನಸ್ಸಿಗೆ ಹಚ್ಚಿಕೊಳ್ಳದೆ ತಮಿಳಿನಲ್ಲಿ ಕೇಳಿದಳು. "ಪಾಟಿ, ಬಿಲ್ಲೆ ಡಬ್ಬಿ ತನ್ನಿ. ಎಣಿಸಬೇಕು."

ರಮಾಬಾಯಿ ಯಾವ ಅಳುಕೂ ಇಲ್ಲದೆ ಡಬ್ಬಿ ತಂದು ಹೊಸ್ತಿಲ ಮೇಲೆ ಇಟ್ಟಳು. ಸುಗಿರ್ದಂ ಮುಚ್ಚಳ ತೆಗೆದವಳು ಬಿಟ್ಟ ಬಾಯಿ ಮುಚ್ಚಲಿಲ್ಲ. ಪೇಪರು ಹಾಸಿ ಸುರಿದು ಎಣಿಸಿದಳು. ಮೂರು ತಿಂಗಳಲ್ಲಿ ನೂರ ತೊಂಬತ್ತೆರಡು ಬಿಲ್ಲೆ ಉಳಿದಿದ್ದವು.

"ಪಾಟಿ, ಇದೇನು? ಔಷಧಿ ನುಂಗಲೇ ಇಲ್ಲವೇ ನೀವು?"

"ನುಂಗದೆ ಏನು? ಒಂದು ದಿನ ತಪ್ಪಿಸಿಲ್ಲ. ನೀನು ಹೇಳಿದ ಹಾಗೇ, ಊಟ ಆದ ಮೇಲೆ ಎರಡು."

"ರಾತ್ರಿಯದು?"

"ರಾತ್ರಿ ಊಟ ಎಲ್ಲಿದೆ ನನಗೆ? ಇಪ್ಪತ್ತನಾಲ್ಕು ವರ್ಷ ಆಯ್ತು ನಾನು ರಾತ್ರಿ ಊಟ ಮಾಡಿ. ನಮ್ಮಂಥೋರಿಗೆ ಒಪ್ಪತ್ತು."

"ರಾತ್ರಿ ಏನೂ ತಿನ್ನೋದಿಲ್ಲವಾ?"

"ಅವಲಕ್ಕಿ, ಹಾಲು. ಒಮ್ಮೊಮ್ಮೆ ಬಾಳೆಹಣ್ಣು."

"ಅದು ಊಟ ಅಲ್ಲವಾ?"

"ಅದು ಫಲಾಹಾರ," ಅಂದಳು ರಮಾಬಾಯಿ. ಇಷ್ಟು ತಿಳಿಯದವಳು ನರ್ಸು ಹೇಗಾದಳು ಎಂಬ ಧಾಟಿ. "ಊಟ ಅಂದ್ರೆ ಎಲೆ ಹಾಕಿ ಅನ್ನ ಬಡಿಸಿಕೊಳ್ಳೋದು. ನೀನು ಫಲಾಹಾರ ಆದ ಮೇಲೆ ಅಂತ ಹೇಳಿದ್ರೆ ನುಂಗ್ತಿರಲಿಲ್ವಾ? ಹೇಳಲಿಲ್ಲ. ಬಿಸಾಡೋಕೆ ಮನಸ್ಸು ಬರಲಿಲ್ಲ, ಇಟ್ಟೆ."

ಸುಗಿರ್ದಂ ಹಣೆ ಒತ್ತಿಕೊಂಡಳು. ಆಮೇಲೆ ನಗು ತಡೆಯಲಾಗದೆ ನಕ್ಕುಬಿಟ್ಟಳು. ಬಾಗಿಲ ಹಿಂದೆ ನಿಂತಿದ್ದ ವಿನೋದಾಗೆ ಮಾತ್ರ ನಗು ಬರಲಿಲ್ಲ. ನಾಲ್ಕು ದಿನದ ಉರಿ ಹಾಗೇ ಇತ್ತು.

"ಸರಿ, ತಪ್ಪು ನನ್ನದೇ," ಅಂದಳು ಸುಗಿರ್ದಂ. "ಇವತ್ತಿನಿಂದ ಫಲಾಹಾರ ಆದ ಮೇಲೂ ಎರಡು. ಆದರೆ ಪಾಟಿ, ಲೆಕ್ಕ ಇನ್ನೂ ಸರಿಹೋಗಲಿಲ್ಲ. ರಾತ್ರಿಯದು ತೊಂಬತ್ತು ದಿನಕ್ಕೆ ನೂರ ಎಂಬತ್ತು. ಇನ್ನು ಹನ್ನೆರಡು ಯಾವುದು?"

ರಮಾಬಾಯಿ ಬೆರಳು ಮಡಿಸಿದಳು. "ಆರು ಏಕಾದಶಿ. ಅವತ್ತು ಮಧ್ಯಾಹ್ನವೂ ಊಟ ಇಲ್ಲ."

"ಅವತ್ತೂ ಏನಾದರೂ ತಿಂದು ತಗೋಬೇಕು."

"ಏಕಾದಶಿಯಾ? ನೀರೂ ಇಲ್ಲ ಅವತ್ತು. ಎಂಟು ವರ್ಷದವಳಾಗಿದ್ದಾಗಿನಿಂದ ಒಂದು ಬಿಟ್ಟಿಲ್ಲ. ಹೆತ್ತ ಮೂರನೇ ದಿನ ಏಕಾದಶಿ ಬಂತು, ಅವತ್ತೂ ಬಿಟ್ಟಿಲ್ಲ. ಅದೊಂದು ಮಾತ್ರ ಕೇಳಬೇಡ."

ಸುಗಿರ್ದಂ ಬಿಲ್ಲೆಗಳನ್ನು ಡಬ್ಬಿಗೆ ತುಂಬಿದಳು. ಈಗ ಅವಳ ದನಿಯಲ್ಲಿ ನಗು ಇರಲಿಲ್ಲ. "ಕೇಳಿ ಪಾಟಿ. ಬಿಟ್ಟು ಬಿಟ್ಟು ತಗೊಂಡರೆ ಆ ಹುಳಕ್ಕೆ ಔಷಧಿ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ಯಾವ ಔಷಧಿಗೂ ಬಗ್ಗೋದಿಲ್ಲ. ನಾನು ಹೋಗಿ ಇದನ್ನೆಲ್ಲ ಡಾಕ್ಟರಿಗೆ ಹೇಳಲೇಬೇಕು. ಅವರು ಇನ್ನೊಂದು ತಿಂಗಳು ನೋಡಬಹುದು. ಒಂದು ಬಿಲ್ಲೆ ಉಳಿದರೂ, ಕಣ್ಣೆದುರಿಗೆ ನಿಂತು ನುಂಗಿಸೋ ಜಾಗಕ್ಕೆ ಕಳಿಸ್ತಾರೆ."

ಆ ಜಾಗ ಸ್ಯಾನಟೋರಿಯಂ ಎಂದು ಅರ್ಥವಾಗಿ, ರಮಾಬಾಯಿ ಡಬ್ಬಿಯನ್ನು ತನ್ನ ಮೂಲೆಗೆ ಎತ್ತಿಕೊಂಡು ಹೋದಳು.

ಸಂಜೆ ತಿರುಮಲ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅವಳು ಶುರು ಮಾಡಿದಳು. "ಬಿಲ್ಲೆ ತಪ್ಪಿಸಿದ್ದು ನಾನು. ಅವಳಲ್ಲ. ಏನೋ ಅಂದ್ಯಂತೆ ಅವಳಿಗೆ, ನಾನು ಹೋದ್ರೆ ಹಗುರ ಅಂತ."

"ಅದು... ಬೇಜಾರಲ್ಲಿ ಬಂತಮ್ಮ."

"ಬೇಜಾರಲ್ಲೇ ತಪ್ಪು ಒಪ್ಪಿಕೋ ಈಗ."

"ಅಮ್ಮ, ಕಲಾ ಎದುರಿಗೆ..."

"ಅವಳೆದುರಿಗೇ ಅಂದದ್ದಲ್ವಾ? ಅವಳೆದುರಿಗೇ ಹೇಳು."

ತಿರುಮಲ ಗೋಡೆ ನೋಡಿಕೊಂಡು ತಪ್ಪಾಯಿತು ಅಂದ. ವಿನೋದಾ, "ಗೋಡೆ ಕ್ಷಮಿಸಿದೆಯಂತೆ, ಕಾಫಿ ಕುಡೀರಿ" ಅಂದಳು. ಅಷ್ಟಕ್ಕೆ ಮನೆಯಲ್ಲಿ ಮಾತು ಮತ್ತೆ ಹರಿಯತೊಡಗಿತು. ಅಂದಿನಿಂದ ರಾತ್ರಿಯ ಅವಲಕ್ಕಿಯಾದ ಮೇಲೆ ರಮಾಬಾಯಿ ಎರಡು ಬಿಲ್ಲೆ ನುಂಗುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಬಾಯಿ ಕಹಿ. ಆದರೂ ಎರಡು ವಾರಕ್ಕೆ ಸಂಜೆಯ ಜ್ವರ ಇಳಿಯಿತು.

ಉಳಿದದ್ದು ಏಕಾದಶಿ. ತಿರುಮಲ ಮಠದ ಆಚಾರ್ಯರನ್ನು ಕೇಳಿಕೊಂಡು ಬಂದ. ಕಾಯಿಲೆಯವರು ಔಷಧಿ ತೆಗೆದುಕೊಂಡರೆ, ಒಂದಿಷ್ಟು ಹಾಲು ಹಣ್ಣು ತೆಗೆದುಕೊಂಡರೆ ವ್ರತಕ್ಕೆ ಭಂಗವಿಲ್ಲ ಎಂದು ಅವರು ಹೇಳಿದ್ದರು.

"ಯಾರು ಕೇಳು ಅಂದ್ರು ನಿನಗೆ?" ರಮಾಬಾಯಿ ಕೆರಳಿದಳು. "ನನ್ನ ಉಪವಾಸಕ್ಕೆ ಅವರ ರಜಾಚೀಟಿ ಬೇಕಾ? ಅವರು ಏಕಾದಶಿ ದಿನ ಬಾದಾಮಿ ಹಾಲು ಕುಡಿಯೋದು ನನಗೆ ಗೊತ್ತಿಲ್ವಾ? ಅವರದ್ದು ಅವರಿಗೆ, ನನ್ನದು ನನಗೆ."

ತಾನೇ ಒಂದು ಉಪಾಯ ಕಂಡುಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಂದೆ ಬಂದ ಏಕಾದಶಿಯ ಮಧ್ಯಾಹ್ನ ಮಡಿ ಮೂಲೆಯಲ್ಲಿ ಗೋಡೆಗೊರಗಿ ಕೂತು, ನೀರಿಲ್ಲದೆ, ಬಿಲ್ಲೆಗಳನ್ನು ಅಗಿದಳು. ಬರಿ ಹೊಟ್ಟೆ, ಒಣ ಗಂಟಲು. ಎರಡನ್ನೂ ಪುಡಿಮಾಡಿ ನುಂಗಿದಳು. ಕಣ್ಣಲ್ಲಿ ನೀರು ಬಂತು. "ನೋಡು, ಆಯ್ತು," ಅಂತ ವಿನೋದಾಗೆ ಹೇಳಿದವಳು ಗಳಿಗೆಯೊಳಗೆ ಬಚ್ಚಲಿಗೆ ಓಡಿದಳು. ಎಲ್ಲವೂ ವಾಂತಿಯಾಯಿತು. ರಾತ್ರಿ ಮತ್ತೆ ಅಗಿದಳು, ಮತ್ತೆ ವಾಂತಿ. ವಿನೋದಾ ಬೆನ್ನು ನೀವಲು ಹೋದರೆ, "ಮುಟ್ಟಬೇಡ, ಮಡಿ" ಅಂದಳು. ವಿನೋದಾ ಬೆನ್ನು ನೀವಿದಳು.

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯ್ತಾರಾ ಅತ್ತೆ?"

"ಹಾಯ್ದು ನೋಡಿದ್ರೆ ತಾನೇ ಗೊತ್ತಾಗೋದು," ಅಂದಳು ರಮಾಬಾಯಿ, ಉಸಿರೆಳೆದುಕೊಳ್ಳುತ್ತಾ.

ಎರಡು ದಿನ ಬಿಟ್ಟು ಸುಗಿರ್ದಂ ಬಂದಾಗ ಡಬ್ಬಿಯಲ್ಲಿ ಲೆಕ್ಕ ಸರಿಯಾಗಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಮಾಬಾಯಿಯೇ ಹೇಳಿದಳು, ಏಕಾದಶಿಯದು ಹೊಟ್ಟೆಯಲ್ಲಿ ನಿಲ್ಲಲಿಲ್ಲ ಎಂದು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಎಷ್ಟೋ ಜನಕ್ಕೆ ಉಪಕಾರವಾಗುತ್ತಿತ್ತು.

"ಬರಿ ಹೊಟ್ಟೇಲಿ ಈ ಔಷಧಿ ಯಾರಿಗೂ ನಿಲ್ಲೋದಿಲ್ಲ ಪಾಟಿ," ಅಂದಳು ಸುಗಿರ್ದಂ. "ಮೊದಲು ಊಟ, ಆಮೇಲೆ ಬಿಲ್ಲೆ. ನಾನು ಇದನ್ನ ತಗೊಂಡಿಲ್ಲ ಅಂತಲೇ ಬರೀಬೇಕು. ಡಾಕ್ಟರ್ ಮುಂದಿನ ಸಲ ಕೇಳೋದು ಇದೊಂದೇ. ನಿಮ್ಮನ್ನ ಮನೇಲೇ ಇಡಿ ಅಂತ ನಾನು ಅವರ ಹತ್ತಿರ ವಾದ ಮಾಡಿದ್ದೀನಿ. ನನ್ನ ಮುಖ ಉಳಿಸಿ."

ಅಷ್ಟರಲ್ಲಿ ಬೇಸಿಗೆ ಶುರುವಾಗಿತ್ತು. ಕೊಳಾಯಿಯಲ್ಲಿ ನೀರು ಒಂದು ಗಂಟೆಗೆ ಇಳಿಯಿತು, ಜಗಳ ಎರಡು ಗಂಟೆಗೆ ಏರಿತು. ವಿನೋದಾಳ ಕೊಡವನ್ನು ದಿನಾ ಯಾರೋ ಸಾಲಿನ ಕೊನೆಗೆ ಸರಿಸಿಡುತ್ತಿದ್ದರು. ಅವಳು ದಿನಾ ಅದನ್ನು ತಂದು ಸಾಲಿನ ಮೊದಲಿಗೆ ಇಡುತ್ತಿದ್ದಳು. ಒಂದು ದಿನ ಪಂಕಜಂ ಮುದಲಿಯಾರರ ಮನೆಗೇ ಹೋಗಿ ದೂರು ಕೊಟ್ಟಳು. ಅವಳ ಮನೆಯಲ್ಲೂ ಎರಡು ಎಳೆಮಕ್ಕಳಿದ್ದವು, ಅವಳ ಹೆದರಿಕೆ ಸುಳ್ಳಲ್ಲ.

ಮುದಲಿಯಾರ್ ತಿರುಮಲನನ್ನು ಬೀದಿಬಾಗಿಲಲ್ಲೇ ಹಿಡಿದರು. ಕಲಾವತಿ ಅಲ್ಲೇ ಕುಂಟಾಬಿಲ್ಲೆ ಆಡುತ್ತಿದ್ದಳು. ನೇರ ಓಡಿ ಬಂದು ಅಜ್ಜಿಗೆ ವರದಿ ಒಪ್ಪಿಸಿದಳು. "ಪಾಟಿ, ವೀಟ್ಟುಕ್ಕಾರರ್ ವಂದಾರ್. ನಿಮ್ಮನ್ನ ಎಲ್ಲಾದ್ರೂ ಸೇರಿಸಬೇಕಂತೆ. ಅಪ್ಪಾ ಸರಿನ್ನು ಸೊಲ್ಲಿಟ್ಟಾರ್." ಮನೆ ಮಾಲೀಕರು ಬಂದಿದ್ದರು, ಅಪ್ಪ ಸರಿ ಅಂದುಬಿಟ್ಟ ಅಂತ.

ರಾತ್ರಿ ತಿರುಮಲ ಎಲೆಯ ಮುಂದೆ ಕೂತಾಗ ರಮಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಸರಿ ಅಂದ್ಯಂತೆ."

ತಿರುಮಲ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟ. "ಏನು ಮಾಡಲಮ್ಮ? ಐದು ಮನೆಯವರೂ ಸೇರಿ ಹೇಳ್ತಿದ್ದಾರೆ. ಭಾನುವಾರ ಬಂದು ಕೇಳ್ತಾರಂತೆ. ನೋಡ್ತೀನಿ ಅಂತ ಅಂದೆ."

"ನನ್ನನ್ನ ಕೇಳದೆ ಸಾಗಹಾಕೋಕೆ ನಾನೇನು ಹಳೇ ಮಂಚವಾ?"

"ಬಾಡಿಗೆ ಕೋರ್ಟು ಇದೆ, ಸುಮ್ಮಸುಮ್ಮನೆ ಯಾರನ್ನೂ ಬಿಡಿಸೋಕೆ ಆಗಲ್ಲ ಅಂತ ಆಫೀಸಿನ ಕಾಂತಪ್ಪನೋರು ಹೇಳಿದ್ರು ಅಂತ ನೀವೇ ಅಂದ್ರಲ್ಲ," ವಿನೋದಾ ನಡುವೆ ಬಂದಳು. "ಅದನ್ನ ಮುದಲಿಯಾರಿಗೆ ಹೇಳೋಕೇನು?"

"ಕೋರ್ಟು ಬಂದು ಕೊಳಾಯಿ ಹತ್ತಿರ ನಿಲ್ಲತ್ತಾ? ದಿನಾ ಇವರ ಮುಖ ನೋಡಬೇಕಾದೋರು ನಾವು. ಮತ್ತೆ ಕ್ಲಿನಿಕ್ಕಿನೋರೂ ಈ ಏಕಾದಶಿ ದಾಟಲಿ ಅಂತ ಕಾಯ್ತಾ ಇದ್ದಾರೆ. ಎರಡು ಕಡೆಯಿಂದಲೂ ಹೊಡೆತ. ನಾನು ಒಬ್ಬ ಎಷ್ಟು ಅಂತ ತಡೀಲಿ?"

"ನೀನು ಯಾವ ಹೊಡೆತ ತಡೆದೆ? ನೀರು ಹೊತ್ತೋಳು ಇವಳು. ವಾದ ಮಾಡಿದೋಳು ಆ ನರ್ಸು. ಔಷಧಿ ಕಕ್ಕಿದೋಳು ನಾನು. ನೀನು ಸರಿ ಅಂದೆ, ಅಷ್ಟೆ," ಅಂದಳು ರಮಾಬಾಯಿ. "ಊಟ ಮಾಡು, ಆರಿಹೋಗತ್ತೆ."

ಭಾನುವಾರವೇ ಏಕಾದಶಿ. ಆ ದಿನ ಅವರ ಮನೆಯಲ್ಲಿ ಅನ್ನ ಬೇಯಿಸುವ ಪದ್ಧತಿಯೇ ಇರಲಿಲ್ಲ. ದೊಡ್ಡವರಿಗೆ ಉಪವಾಸ, ಕಲಾವತಿಗೆ ಉಪ್ಪಿಟ್ಟು. ಬೆಳಿಗ್ಗೆ ಹತ್ತಕ್ಕೆ ವಿನೋದಾ ಒಗೆದ ಬಟ್ಟೆ ಹರವಿ ಒಳಗೆ ಬಂದರೆ, ಅತ್ತೆ ಮಡಿಯುಟ್ಟು ತನ್ನ ಒಲೆ ಹಚ್ಚಿ, ಅಕ್ಕಿ ತೊಳೆಯುತ್ತಿದ್ದಳು.

"ಅತ್ತೆ, ಇವತ್ತು ಏಕಾದಶಿ."

"ನನಗೆ ಪಂಚಾಂಗ ಹೇಳಿಕೊಡ್ತೀಯಾ?"

ವಿನೋದಾ ಅಲ್ಲೇ ನಿಂತಳು. ರಮಾಬಾಯಿ ಪಾತ್ರೆ ಒಲೆಯ ಮೇಲಿಟ್ಟಳು. ನೀರು ತುಳುಕಿ ಬೆಂಕಿ ಚುಯ್ ಅಂದಿತು. ಅವಳಿಗೆ ಭಯವಾಗಿತ್ತು. ದೇವರದು, ತೀರಿಕೊಂಡ ಅತ್ತೆಯದು, ಗಂಡನದು, ಎಲ್ಲರ ಭಯವೂ ಒಟ್ಟಿಗೆ ಬಂದಿತ್ತು.

"ಲೆಕ್ಕ ಹಾಕಿದೆ," ಅಂದಳು ಬೆನ್ನು ತಿರುಗಿಸದೆಯೇ. "ಅಲ್ಲಿಗೆ ಕಳಿಸಿದ್ರೆ ತಿಂಗಳಲ್ಲಿ ಮೂವತ್ತು ದಿನವೂ ನನ್ನ ಮಡಿ ಇಲ್ಲ, ನನ್ನ ಒಲೆ ಇಲ್ಲ. ಇಲ್ಲಿ ಎರಡು ದಿನ ಬಿಟ್ರೆ ಇಪ್ಪತ್ತೆಂಟು ನನ್ನ ಕೈಲಿರತ್ತೆ. ಒಂದು ವರ್ಷ ತಾನೇ. ಆಮೇಲೆ ಬದುಕಿದ್ರೆ ಬಡ್ಡಿ ಸಮೇತ ಉಪವಾಸ ಮಾಡ್ತೀನಿ. ಆ ದೇವರಿಗೆ ಬೇಡವಾದ್ರೆ ಅವನೇ ಹೇಳಲಿ."

ವಿನೋದಾಳ ಕಣ್ಣು ತುಂಬಿತು. ಹತ್ತು ವರ್ಷ ಈ ಹೆಂಗಸಿನ ಜೊತೆ ದಿನಕ್ಕೆ ಎರಡು ಸಲ ಜಗಳವಾಡಿದ್ದಳು. ಈಗ ಕಣ್ಣೊರೆಸಿಕೊಂಡು, "ಸಾರು ಮಾಡಲಾ ಅತ್ತೆ?" ಅಂದಳು.

"ಹೋಗಿ ಸ್ನಾನ ಮಾಡಿ ಬಾ ಮೊದಲು. ಬಟ್ಟೆ ಒಗೆದ ಕೈ."

ಅನ್ನ ಬೇಯುವ ವಾಸನೆಗೆ ತಿರುಮಲ ಎದ್ದು ಬಂದ. ನೋಡಿ ಅವನ ಮುಖ ಬಿಳಿಚಿತು. "ಅಮ್ಮ, ಇಷ್ಟೆಲ್ಲ ಬೇಡ. ಆಚಾರ್ಯರು ಹೇಳಿದ ಹಾಗೆ ಒಂದು ಲೋಟ ಹಾಲು ಕುಡಿ. ಅದಕ್ಕೆ ದೋಷ ಇಲ್ಲ."

"ಹಾಲು ಕುಡಿದು ವಾಂತಿ ಆದ್ರೆ ಆಚಾರ್ಯರು ಬಂದು ಬಳೀತಾರಾ? ಆ ನರ್ಸು ಊಟ ಅಂದಿದ್ದಾಳೆ. ಪಾಪ ಮಾಡೋದಾದ್ರೆ ಪೂರ್ತಿ ಮಾಡ್ತೀನಿ. ಅರ್ಧ ಪಾಪಕ್ಕೆ ಅರ್ಧ ಗುಣ ಆಗತ್ತೇನು?"

ಹನ್ನೆರಡು ಗಂಟೆಗೆ ಎಲೆ ಹಾಕಿದರು. ಅಂಗಳದ ಕಡೆಯ ಬಾಗಿಲು ತೆರೆದಿತ್ತು. ವಿನೋದಾ ಮುಚ್ಚಲು ಹೋದಳು.

"ಯಾಕೆ ಹಾಕ್ತೀಯಾ? ತೆಗೆದೇ ಇರಲಿ. ಕಣ್ಣು ಮುಚ್ಚಿ ಹಾಲು ಕುಡಿಯೋಕೆ ನಾನು ಬೆಕ್ಕಲ್ಲ."

ಮುದಲಿಯಾರ್ ಬರುವುದೂ ರಮಾಬಾಯಿ ಎಲೆಯ ಮುಂದೆ ಕೂರುವುದೂ ಒಂದೇ ಆಯಿತು. ಅವರ ಹಿಂದೆ ಪಂಕಜಂ, ಅವಳ ಗಂಡ, ಇನ್ನೂ ಮೂರು ನಾಲ್ಕು ಜನ. ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಪಂಕಜಂ ಅಯ್ಯಂಗಾರರ ಮನೆಯ ಹೆಣ್ಣು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆನ್ನೆಗೆ ಕೈ ಹೋಯಿತು. "ಏಕಾದಶಿ ಅನ್ನಿಕ್ಕು ಸಾದಮಾ, ಮಾಮಿ?" ಅಂದಳು. ಏಕಾದಶಿಯ ದಿನ ಅನ್ನವೇ ಅಂತ.

ರಮಾಬಾಯಿ ತಲೆಯೆತ್ತಲಿಲ್ಲ. ಗೋವಿಂದಾ ಎಂದು ಮೊದಲ ತುತ್ತು ಬಾಯಿಗಿಟ್ಟಳು. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು. ಎರಡನೆಯದೂ ಕಷ್ಟವೇ ಆಯಿತು. ಮೂರನೆಯದು ಸರಾಗವಾಗಿ ಹೋಯಿತು.

ಮುದಲಿಯಾರ್ ಗಂಟಲು ಸರಿಮಾಡಿಕೊಂಡರು. "ತಿರುಮಲ ಸಾರ್, ಆ ವಿಷಯ..."

ತಿರುಮಲ ಬಾಗಿಲಿಗೆ ಅಡ್ಡ ನಿಂತ. ದನಿ ಅಷ್ಟೇನೂ ಗಟ್ಟಿ ಇರಲಿಲ್ಲ, ಆದರೆ ಮಾತು ಬಂತು. "ಅಮ್ಮ ಊಟಕ್ಕೆ ಕೂತಿದ್ದಾಳೆ. ಊಟದ ಮಧ್ಯೆ ಮಾತಾಡೋಲ್ಲ. ನೀವು ಕಾಯಬೇಕು."

ವಿನೋದಾ ಒಂದು ಸ್ಟೂಲು ತಂದು ಅಂಗಳದಲ್ಲಿ ಹಾಕಿದಳು. ಮುದಲಿಯಾರ್ ಕೂತರು. ಉಳಿದವರು ಬಿಸಿಲಿನಲ್ಲಿ ನಿಂತರು. ಒಬ್ಬ ಮುದುಕಿ ಅನ್ನ ಉಣ್ಣುವುದನ್ನು ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ನೋಡಿದ್ದು ಆ ಸ್ಟೋರಿನಲ್ಲಿ ಅದೇ ಮೊದಲು. ರಮಾಬಾಯಿ ಅವಸರ ಮಾಡಲಿಲ್ಲ. ಸಾರನ್ನ ಮುಗಿಸಿ, ಮಜ್ಜಿಗೆ ಅನ್ನ ಹಾಕಿಸಿಕೊಂಡು ಅದನ್ನೂ ಮುಗಿಸಿದಳು. ಕೈ ತೊಳೆದು ಬಂದು ಒಂದು ಬಿಲ್ಲೆ ಬಾಯಿಗೆ ಹಾಕಿ ನೀರು ಕುಡಿದಳು. ಇನ್ನೊಂದು ಹಾಕಿ ಇನ್ನಷ್ಟು ಕುಡಿದಳು. ಗಂಟಲಿಗೆ ಕೈಯೊತ್ತಿ, ವಾಂತಿ ಬರುವುದಿಲ್ಲವೆಂದು ಗಟ್ಟಿಯಾಗುವವರೆಗೆ ಕಾದಳು. ಬರಲಿಲ್ಲ.

ಆಮೇಲೆ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಬಾಗಿಲಿಗೆ ಬಂದಳು. ಮುದಲಿಯಾರ್ ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತರು. ಎಲ್ಲರಿಗೂ ಅರ್ಥವಾಗಲಿ ಎಂದು ಅವಳು ತಮಿಳಿನಲ್ಲೇ ಹೇಳಿದಳು.

"ನಲವತ್ತೆಂಟು ವರ್ಷದ ಏಕಾದಶಿ ಬಿಟ್ಟು ಬಂದು ನಿಂತಿದ್ದೀನಿ, ಮುದಲಿಯಾರ್. ಮನೆಯನ್ನೂ ಬಿಡು ಅಂತ ಕೇಳೋಕೆ ಬಂದಿದ್ದೀರಲ್ಲ, ಕೇಳಿ ನೋಡೋಣ."